ನೀರು ಬೀಳುವ ಮೊದಲೇ ನಡುಗಿದ ಹುಂಜ

ನೋಡ್ರಪ್ಪಾ, ನನ್ನ ವಿದ್ಯೆಗೆ ಇವತ್ತು ಹಿರೇಗುಂಟನೂರಿನಲ್ಲಿ ಸಿಕ್ಕ ಮರ್ಯಾದೆ ಇದು. ಮಹಾರಾಜರ ಸರ್ಕಾರದ ಆಸ್ಪತ್ರೆಯಲ್ಲಿ ಕಾಂಪೌಂಡರಾದ ನನ್ನನ್ನು ರೈತ ಕೆಂಚಪ್ಪ ಹರಕೆಯ ಊಟಕ್ಕೆ ಕರೆದಿದ್ದ. ಅವನ ಗೂಡಿನ ಕೋಳಿಗಳೆಲ್ಲ ಬಿಳಿ ಹಿಕ್ಕೆ ಹಾಕಿ ಸತ್ತಿದ್ದವು. ಉಳಿದದ್ದು ಊರ ದೇವತೆ ಅಮ್ಮನಿಗೆ ಬಿಟ್ಟ ಹುಂಜ ಒಂದೇ, ಅದೂ ತೂಕಡಿಸುತ್ತಿತ್ತು.

"ಇದೂ ಸತ್ರೆ ಹರಕೆ ಹಂಗೇ ಉಳೀತೈತೆ, ಬೇಗ ಮುಗಿಸಾಣ" ಎಂದ ಕೆಂಚಪ್ಪ.

ತಲೆಗೆ ಅರಿಶಿನದ ನೀರು ಚಿಮುಕಿಸಿದಾಗ ಕೋಳಿ ಮೈ ಕೊಡವಿದರೆ ಅಮ್ಮ ಒಪ್ಪಿದಳೆಂದು ಇಲ್ಲಿನ ನಂಬಿಕೆ. ಇದು ನೀರು ಬೀಳುವ ಮೊದಲೇ ಗಡಗಡ ನಡುಗಿತು.

"ಒಪ್ಪಿದ್ಲು!" ಎಂದು ಎಲ್ಲರೂ ಕೈಮುಗಿದರು.

"ಅದಕ್ಕೆ ಜ್ವರ ಐತೆ ಕಣಪ್ಪ" ಎಂದೆ. ಯಾರೂ ಕೇಳಲಿಲ್ಲ. ಹುಂಜವನ್ನು ಕೊಯ್ದು, ಅದರ ಹಿಕ್ಕೆ ಮೆತ್ತಿದ ಕಾಲು ತೊಳೆದ ನೀರಿನಲ್ಲೇ ಕತ್ತಿ ತೊಳೆದರು, ಆಮೇಲೆ ಮಾಂಸವನ್ನೂ ತೊಳೆದರು.

"ಕಣ್ಣಿಗೆ ಕಾಣದ ಹುಳ ಇರ್ತಾವೆ ಕೆಂಚಪ್ಪ, ಹೊಟ್ಟೆ ಕೆಡ್ತೈತೆ" ಎಂದೆ.

"ಕಾಣದ ಹುಳಕ್ಕೆ ಹೆದರಿ ಕಾಣೋ ಸಾರು ಬಿಡ್ತಾರೇನ್ರೀ? ಕುಂತ್ಕಳ್ರಿ."

ಕುಂತೆ. ಮುದ್ದೆ ಬಂತು, ತೊಡೆಯ ತುಂಡು ನನ್ನ ಎಲೆಗೇ ಬಿತ್ತು. ಮರ್ಯಾದೆಗೆ ಅಂಜಿ ಉಂಡೆ.

ಅಮ್ಮ ಬೆಳಗ್ಗೆಯೇ ಒಪ್ಪಿದ್ದಾಳೆ. ನನ್ನ ಹೊಟ್ಟೆ ಮಾತ್ರ ಸಂಜೆಯಾದರೂ ಒಪ್ಪಿಲ್ಲ.