ಲೈನಿಂಗ್ ಬಟ್ಟೆಯ ಹಳೆಯ ರೇಟು

ಅವರ ಬಲಗೈಯ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಯಾವುದೋ ಕಾಲದಲ್ಲಿ ಹೊಲಿಗೆ ಯಂತ್ರದ ಸೂಜಿ ಅದರೊಳಗೆ ಇಳಿದಿತ್ತಂತೆ. ಆಮೇಲೆ ಉಗುರು ಮತ್ತೆ ಕೂಡಿಕೊಳ್ಳಲೇ ಇಲ್ಲ. ಬಟ್ಟೆಯ ಮೇಲೆ ಆ ಬೆರಳನ್ನು ಒಮ್ಮೆ ಎಳೆದರೆ ಸಾಕು, ಹೊಲಿಗೆ ಎಲ್ಲಿ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದರು.

ಶಾಲೆಯಲ್ಲಿ ನಮಗೆ ಹೊಲಿಗೆ ಕಲಿಸಿದ ಟೀಚರ್ ಅವರು. ನಿವೃತ್ತರಾದ ಮೇಲೆ ವಾಮಂಜೂರಿನಲ್ಲಿ ತಂಗಿಯ ಜೊತೆಗಿದ್ದರು. ಮದುವೆ ಮುರಿದು, ಮೂರು ವರ್ಷದ ಮಗಳನ್ನು ಕರೆದುಕೊಂಡು ನಾನು ಕೊಟ್ಟಾರದ ತವರಿಗೆ ಮರಳಿದಾಗ, ಮಕ್ಕಳ ಫ್ರಾಕುಗಳನ್ನು ಆನ್‌ಲೈನಿನಲ್ಲಿ ಮಾರುವ ಯೋಚನೆಯನ್ನು ಮೊದಲು ಹೇಳಿಕೊಂಡದ್ದು ಅವರಲ್ಲಿಯೇ. ಹೊಲಿದುಕೊಡಲು ಒಪ್ಪಿದರು. ಕೂಲಿ ಎಷ್ಟೆಂದು ಹೇಳಿ, ಒಂದು ಷರತ್ತನ್ನೂ ಹಾಕಿದರು.

"ಒಂದು ಫ್ರಾಕಿಗೆ ಎಷ್ಟು ಬಿತ್ತು ಅಂತ ಬರೆದಿಡಬೇಕು. ಅಂದಾಜು ನನಗೆ ಬೇಡ."

ಗುಂಡಿ, ಎಲಾಸ್ಟಿಕ್, ಲೇಸು, ಪ್ಯಾಕಿಂಗ್, ಕೊರಿಯರ್, ವಾಪಸು ಬಂದ ಫ್ರಾಕಿಗೆ ಮತ್ತೆ ಇಸ್ತ್ರಿ ಹಾಕಿದ ಕರೆಂಟು ಎಲ್ಲವನ್ನೂ ಬರೆಸಿದರು. ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಹಿಡಿದು ಹೋಗಿ ತೋರಿಸಬೇಕು. ಒಮ್ಮೆ ಹುಕ್ಕಿನ ಬೆಲೆ ಬಿಟ್ಟುಹೋಗಿತ್ತು.

"ಹುಕ್ಕು ಎಂತ, ಮರದಲ್ಲಿ ಆಗ್ತದಾ?" ಎಂದು ಕೇಳಿದರು. ನಗಲಿಲ್ಲ.

ಎರಡನೆಯ ವರ್ಷ ಬಟ್ಟೆಯ ಬೆಲೆ, ಒಳಪದರಕ್ಕೆ ಹಾಕುವ ಲೈನಿಂಗಿನ ಬೆಲೆ ಎರಡೂ ಏರಿದವು. ಫ್ರಾಕಿನ ಬೆಲೆ ಏರಿಸಿ ನೋಡಿದೆ, ಕೊಳ್ಳುವವರೇ ಇಲ್ಲ. "ಇನ್ನು ಆಗುದಿಲ್ಲ ಟೀಚರ್, ನಿಲ್ಲಿಸ್ತೇನೆ" ಎನ್ನುವಾಗ ಅಳು ಬಂತು. ಅವರು ಯಂತ್ರಕ್ಕೆ ಎಣ್ಣೆ ಬಿಟ್ಟರು.

"ಲೈನಿಂಗ್ ಇನ್ನು ನಾನೇ ತರ್ತೇನೆ. ಅಂಗಡಿಯವ ನನ್ನ ಸ್ಟೂಡೆಂಟ್. ಹಳೆಯ ರೇಟಿಗೇ ಕೊಡ್ತಾನೆ."

"ಬಿಲ್ಲು?"

"ಪರಿಚಯದವರ ಹತ್ರ ಎಂತ ಬಿಲ್ಲು?"

ಹುಕ್ಕಿಗೆ ಲೆಕ್ಕ ಕೇಳಿದವರ ಬಾಯಿಂದ ಆ ಮಾತು ಬಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ. ನಾನು ಹಳೆಯ ರೇಟನ್ನೇ ಬರೆದುಕೊಂಡೆ, ಅಷ್ಟನ್ನೇ ಅವರ ಕೈಗಿಟ್ಟೆ. ತಿಂಗಳ ಕೊನೆಗೆ ಲಾಭ ಕಾಣಿಸಿತು. ಮಗಳನ್ನು ಶಾಲೆಗೆ ಸೇರಿಸಿದೆ.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಆದಿತ್ಯವಾರ ಬೆಳಿಗ್ಗೆ ಪ್ರಾರ್ಥನೆಗೆಂದು ಇಗರ್ಜಿಗೆ ಹೊರಟ ಟೀಚರ್ ಮನೆಯ ಅಂಗಳದಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ. ಅವರಿಗೆ ಹೃದಯದ ಕಾಯಿಲೆ ಇತ್ತೆಂದು ನನಗೆ ತಿಳಿದದ್ದೇ ಅಂದು.

ತಿಂಗಳ ನಂತರ, ಇನ್ನು ನಾನೇ ಹೊಲಿಯೋಣವೆಂದು, ಲೈನಿಂಗಿಗಾಗಿ ಆ ಅಂಗಡಿಗೆ ಹೋದೆ. ಅಂಗಡಿಯವರು ಹೇಳಿದ ಬೆಲೆ ನಾನು ಬರೆದುಕೊಂಡಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಾಲು.

"ಟೀಚರಿಗೆ ಕೊಡ್ತಿದ್ದ ರೇಟು ಹಾಕಿ" ಎಂದೆ.

"ಅವರಿಗೂ ಇದೇ ರೇಟು. ಕಡಿಮೆ ಮಾಡ್ತೇನೆ ಅಂದ್ರೆ ಬೇಡ ಅಂತಿದ್ರು. ಬಿಲ್ಲು ಮಾತ್ರ ಇಲ್ಲೇ ಹರಿದು ಹಾಕಿ ಹೋಗ್ತಿದ್ರು."

ಮನೆಗೆ ಬಂದು ಎಂಟು ತಿಂಗಳ ಲೆಕ್ಕವನ್ನು ಸರಿಯಾದ ಬೆಲೆ ಹಾಕಿ ತಿದ್ದಿದೆ. ಒಂದು ತಿಂಗಳಲ್ಲೂ ಲಾಭ ಇರಲಿಲ್ಲ. ನಾನು ಲಾಭವೆಂದು ತಿಳಿದದ್ದು ಅವರ ಪೆನ್ಶನ್ನು.

ಕೈಯಲ್ಲಿದ್ದ ಹಣವನ್ನೆಲ್ಲ ಕೂಡಿಸಿ ವಾಮಂಜೂರಿಗೆ ಹೋದೆ. ನಡೆದದ್ದನ್ನು ಹೇಳಿ ಲಕೋಟೆಯನ್ನು ಟೀಚರ್ ತಂಗಿಯ ಮುಂದಿಟ್ಟೆ. ಅವರು ಅದನ್ನು ತೆರೆಯಲಿಲ್ಲ.

"ಹಾರ್ಟಿನ ಮಾತ್ರೆ ಮುಗಿದಿದೆ ಅಂತ ಅಕ್ಕನಿಗೆ ನೆನಪು ಮಾಡಿದ್ರೆ, ಪೆನ್ಶನ್ ಬರ್ಲಿ ಅಂತಿದ್ಲು" ಎಂದರು. "ಯಾಕೆ ಅಂತ ನನಗೆ ಗೊತ್ತಾಗ್ತಿರ್ಲಿಲ್ಲ."

ಬೈಯಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದರು.

ಈಗಲೂ ತಿಂಗಳಿಗೊಮ್ಮೆ ಆ ಮನೆಗೆ ಹೋಗುತ್ತೇನೆ. ಹೊರಡುವಾಗ ಅವರು ರಸ್ತೆಯವರೆಗೆ ಬಂದು ನನ್ನ ಪಕ್ಕ ನಿಲ್ಲುತ್ತಾರೆ. ಟೀಚರ್ ಒಟ್ಟು ಎಷ್ಟು ದಿನ ಮಾತ್ರೆ ಇಲ್ಲದೆ ಇದ್ದರು ಎಂದು ಕೇಳಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಹತ್ತಿಬಿಡುತ್ತೇನೆ.