ಒಬ್ಬರೇ ಸುಳ್ಳುಗಾರರು ಎಂದುಕೊಂಡ ಮೇಷ್ಟ್ರು

ನೋರ್ಯಾಂಗ್‌ಜಿನ್‌ನ ಕೋಚಿಂಗ್ ಸೆಂಟರಿನಲ್ಲಿ ನಾನು ಇತಿಹಾಸ ಹೇಳಿಕೊಡುತ್ತಿದ್ದಾಗ ಪಕ್ಕದ ತರಗತಿ ಪ್ಯೋ ಮುನ್‌ಶಿಕ್ ಅವರದು. ಸರ್ಕಾರಿ ನೌಕರಿಯ ಪರೀಕ್ಷೆಗೆ ಬರುವ ಒಂದು ಬಗೆಯ ಲೆಕ್ಕವೇ ಅವರ ಪಾಠ: ಇಷ್ಟು ಜನರಲ್ಲಿ ಒಬ್ಬ ಸುಳ್ಳುಗಾರ, ಯಾರು? ಬೋರ್ಡಿನ ಮೇಲೆ ಸತ್ಯಕೋಷ್ಟಕ ಬರೆದು, ಒಬ್ಬೊಬ್ಬರ ಮಾತಿಗೂ ನಿಜ, ಸುಳ್ಳು ಎಂದು ತುಂಬಿ, ಹೊಂದದ ಸಾಲುಗಳನ್ನು ಹೊಡೆದುಹಾಕುತ್ತಿದ್ದರು. ಉಳಿದ ಸಾಲೇ ಉತ್ತರ. ತಾವೇ ಆ ಪರೀಕ್ಷೆ ಪಾಸಾಗದೆ ಮೇಷ್ಟ್ರಾದವರು. ಮದುವೆಯಾಗಿರಲಿಲ್ಲ. ವಿದ್ಯಾರ್ಥಿಗಳ ವಠಾರದಲ್ಲೇ ಒಂದು ಕಿರುಕೋಣೆ ಹಿಡಿದಿದ್ದರು.

ಒಂದು ಚಳಿಗಾಲ ಆ ವಠಾರದ ಅಡುಗೆಮನೆಯಲ್ಲಿ ಯಾರೋ ಒಲೆ ಆರಿಸದೆ ಹೋಗಿ ಬೆಂಕಿ ಹೊತ್ತಿತು. ಮೂಲೆ ಕೋಣೆಯ ಮುದುಕರೊಬ್ಬರು ಹೊಗೆ ಕುಡಿದು ಆಸ್ಪತ್ರೆ ಸೇರಿದರು. ತಾನು ಒಲೆ ಆರಿಸಿಯೇ ಬಂದೆ, ಆಮೇಲೆ ಎದುರು ಕೋಣೆಯ ಹುಡುಗ ಶಾವಿಗೆ ಬೇಯಿಸಲು ಹೋದ ಎಂದು ಯೋನ್‌ಜು ಎಂಬ ಹುಡುಗಿ ಹೇಳಿದಳು. ತಾನು ಅತ್ತ ಹೋಗಿಯೇ ಇಲ್ಲ ಎಂದು ಅವನು. ಅವನು ಹೇಳುವುದು ನಿಜ ಎಂದು ಅವನ ಗೆಳೆಯ.

ವಠಾರದ ಒಡತಿ ಮುನ್‌ಶಿಕ್ ಅವರನ್ನು ಕರೆಸಿದಳು. "ದಿನಾ ಇದೇ ಅಲ್ವಾ ಮೇಷ್ಟ್ರೇ ನಿಮ್ಮ ಪಾಠ? ನೀವೇ ಹೇಳಿಬಿಡಿ."

ಅವರು ಕೋಷ್ಟಕ ಬರೆದರು. ಎದುರು ಕೋಣೆಯವನದು ಸುಳ್ಳಾದರೆ ಗೆಳೆಯನದೂ ಸುಳ್ಳು, ಸುಳ್ಳುಗಾರರು ಇಬ್ಬರಾಗುತ್ತಾರೆ. ಗೆಳೆಯನೊಬ್ಬನದೇ ಸುಳ್ಳಾಗಲು ಬರುವುದಿಲ್ಲ. ಉಳಿದವಳು ಯೋನ್‌ಜು.

"ಸುಳ್ಳು ಹೇಳ್ತಿರೋದು ಒಬ್ಬರೇ ಅಂತ ನಿಮಗೆ ಯಾರು ಹೇಳಿದ್ರು ಸಾರ್?" ಎಂದು ಅವಳು ಕೇಳಿದಳು.

"ಹಾಗಂದುಕೊಳ್ಳದಿದ್ರೆ ಲೆಕ್ಕ ಬಿಡಿಸೋಕೆ ಆಗಲ್ಲಮ್ಮ."

ಅವಳು ಅಂದೇ ಗಂಟುಮೂಟೆ ಕಟ್ಟಿದಳು. ಪರೀಕ್ಷೆ ಬರೆಯಲಿಲ್ಲ. ಮುದುಕರು ಆಸ್ಪತ್ರೆಯಲ್ಲೇ ತೀರಿಕೊಂಡರು.

ಬೇಸಿಗೆಯಲ್ಲಿ ಆ ಗೆಳೆಯ ಪಾಸಾಗಿ, ಮೇಷ್ಟ್ರಿಗೆ ಹಣ್ಣಿನ ಬುಟ್ಟಿ ತಂದ. ಹೊರಡುವಾಗ ಬಾಗಿಲಲ್ಲಿ ನಿಂತು, ಅಂದು ತಾವಿಬ್ಬರೂ ಸೇರಿಯೇ ಶಾವಿಗೆ ಬೇಯಿಸಿದ್ದು, ಹೆದರಿ ಮಾತು ಒಂದು ಮಾಡಿಕೊಂಡಿದ್ದು ಎಂದ.

ಮುನ್‌ಶಿಕ್ ವಿಳಾಸ ಹುಡುಕಿಕೊಂಡು ಗಿಮ್‌ಚೋನ್‌ಗೆ ಹೋದರು. ಯೋನ್‌ಜು ಕಿಮ್ಚಿ ಎಂಬ ಉಪ್ಪಿನಕಾಯಿಯ ಕಾರ್ಖಾನೆಯಲ್ಲಿ ಎಲೆಕೋಸಿಗೆ ಉಪ್ಪು ಹಚ್ಚುತ್ತಿದ್ದಳು. ಇವರು ತಲೆ ತಗ್ಗಿಸಿ ಎಲ್ಲ ಹೇಳಿದರು. ಅವಳು ಕೈಗವಸು ಕಳಚದೆಯೇ ಕೇಳಿಸಿಕೊಂಡಳು.

"ಒಲೆ ಆರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು ಸಾರ್. ನೀವು ಹೇಳಿದ ಮೇಲೆ, ಆರಿಸಲಿಲ್ಲವೇನೋ ಅನ್ನಿಸ್ತು. ಆ ತಾತ ನನ್ನಿಂದಲೇ ಸತ್ತರು ಅಂದ್ಕೊಂಡೇ ಇಷ್ಟು ದಿನ ಇದ್ದೆ."

ಮತ್ತೆ ಕೆಲಸಕ್ಕೆ ಬಾಗಿದಳು. ಅವರು ಸ್ಟೇಷನ್ನಿಗೆ ನಡೆದರು.

ಆಮೇಲೆ ಅವರು ತರಗತಿಗೆ ಬರಲಿಲ್ಲ. ಈಗ ಇಂಚೋನ್‌ನ ಒಂದು ಕಾರ್ ಪಾರ್ಕಿಂಗ್ ಕಾಯುತ್ತಾರೆ. ಇದನ್ನೆಲ್ಲ ಅಲ್ಲೇ ಕೂತು ನನಗೆ ಹೇಳಿದರು, ಗಾಡಿ ಬಂದಾಗಲೆಲ್ಲ ಮಾತು ನಿಲ್ಲಿಸಿ ಎದ್ದು ಹೋಗುತ್ತ.