ಮೂರು ವರ್ಷಕ್ಕೆ ಕೊಂಡ ಭುಜ

ವೇಗದ ಬೌಲರ್ ಓಡಿ ಬರುವಾಗ ಎಲ್ಲರೂ ಚೆಂಡನ್ನು ನೋಡುತ್ತಾರೆ; ನನ್ನ ಕಣ್ಣು ಅವನ ಭುಜದ ಮೇಲಿರುತ್ತದೆ. ಟೀವಿಯಲ್ಲಿ ಆಟಗಾರರ ಹರಾಜು ನಡೆದು, ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಉದುರಿಸಿದಂತೆ ಕೋಟಿಗಳನ್ನು ಉದುರಿಸುವಾಗಲೂ ನಾನು ಮನಸ್ಸಿನಲ್ಲೇ ಆ ಭುಜಗಳಿಗೆ ಎಣ್ಣೆ ಹಚ್ಚಿ ನೀವುತ್ತಿರುತ್ತೇನೆ. ಈ ಚಾಳಿ ನನಗೆ ಹತ್ತಿದ್ದು ಲೋಕೇಶನಿಂದ.

ನಮ್ಮದು ಬಸವನಗುಡಿಯ ಹಳೆಯ ಕ್ರಿಕೆಟ್ ಕ್ಲಬ್ಬು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನೂ ಅದರ ಕಮಿಟಿಯಲ್ಲಿದ್ದೇನೆ. ಆಡುವುದು ಕೆಳಗಿನ ಡಿವಿಷನ್ನಿನಲ್ಲಿ. ನಮ್ಮ ಆಟಕ್ಕಿಂತ ಆಟದ ನಂತರದ ಬೋಂಡಾಕ್ಕೆ ಹೆಸರು ಜಾಸ್ತಿ. ಆದರೆ ಮಲ್ಲೇಶ್ವರದ ತಂಡವೊಂದು ವರ್ಷ ವರ್ಷವೂ ಬೋಂಡಾ ಬೇಯುವ ಮೊದಲೇ ನಮ್ಮನ್ನು ಸೋಲಿಸತೊಡಗಿದಾಗ ಅಧ್ಯಕ್ಷ ಶಿವನಂಜಪ್ಪನವರಿಗೆ ರೇಗಿತು. ಅವರು ತರಗುಪೇಟೆಯ ಬೇಳೆ ವ್ಯಾಪಾರಿ. ಮಾತು ಕಡಿಮೆ, ಕೈ ಬಿಗಿ. ಕ್ಲಬ್ಬಿನ ಬಲ್ಬು ಹೋದರೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಹೊಸದಕ್ಕೆ ಒಪ್ಪುವವರು. ಅಂಥವರು ಒಂದು ದಿನ, ಒಳ್ಳೆಯ ಫಾಸ್ಟ್ ಬೌಲರನ್ನು ಹುಡುಕಿ, ದುಡ್ಡು ನನ್ನದು ಎಂದುಬಿಟ್ಟರು.

ಶ್ರೀರಾಂಪುರದ ಲೋಕೇಶ ಆಗಷ್ಟೇ ತನ್ನ ಹಳೆಯ ಕ್ಲಬ್ಬು ಬಿಟ್ಟಿದ್ದ. ವಯಸ್ಸು ಮೂವತ್ತು ದಾಟಿತ್ತು. ಇನ್ನೆರಡು ಕ್ಲಬ್ಬಿನವರೂ ಅವನ ಬಾಗಿಲಿಗೆ ಹೋಗಿದ್ದರಿಂದ ಬೆಲೆ ಏರಿತು. ನಗರ್ತಪೇಟೆಯ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬರಬೇಕಾದರೆ ಮೂರು ವರ್ಷದ ಮಾತಾಗಬೇಕು, ಆಡಿದರೂ ಆಡದಿದ್ದರೂ ಸಂಬಳ ಬರಬೇಕು ಎಂದ. ಶಿವನಂಜಪ್ಪನವರು ಹೂಂ ಅಂದರು. ನಾನು ಕೋಟೆ ಗೆದ್ದವನ ಹಾಗೆ ಮನೆಗೆ ಬಂದು ಹೆಂಡತಿ ಸರಸಳಿಗೆ ಸುದ್ದಿ ಹೇಳಿದೆ.

"ಗಾಂಧಿ ಬಜಾರಲ್ಲಿ ಒಂದು ಬದನೆಕಾಯಿ ತರೋದಕ್ಕೆ ತಿರುಗಿಸಿ ತಿರುಗಿಸಿ ನೋಡ್ತೀರಲ್ಲ, ಆ ಭುಜಾನ ಒಂದ್ಸಲ ಆದ್ರೂ ತಿರುಗಿಸಿ ನೋಡಿದ್ರಾ?" ಎಂದಳು ಅವಳು.

ಹೆಂಗಸರಿಗೆ ಕ್ರಿಕೆಟ್ ಅರ್ಥವಾಗುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ. ಮೊದಲ ವರ್ಷ ನನ್ನ ಮಾತೇ ನಿಜವಾಯಿತು. ಮಲ್ಲೇಶ್ವರದವರ ವಿಕೆಟ್ಟುಗಳು ಆಷಾಢದ ಗಾಳಿಗೆ ಸಿಕ್ಕ ತರಗೆಲೆಗಳಾದವು. ಸರಸಳಿಗೆ ಅದನ್ನೆಲ್ಲ ಊಟದ ಜೊತೆಗೆ ಬಡಿಸಿದೆ. ಎರಡನೆಯ ವರ್ಷ, ಮಳೆಗಾಲ ಮುಗಿದ ಮೇಲಿನ ಪಂದ್ಯವೊಂದರಲ್ಲಿ, ಲೋಕೇಶ ಚೆಂಡು ಎಸೆದವನು ಬಲಗೈ ಹಿಡಿದುಕೊಂಡು ಪಿಚ್ಚಿನ ಮೇಲೆಯೇ ಕುಳಿತುಬಿಟ್ಟ. ಒಳಗೆ ಹರಿದಿದೆ, ಹೊಲಿಯಬಹುದು, ಆದರೆ ಆ ವೇಗ ಮತ್ತೆ ಬಾರದು ಎಂದರು ಡಾಕ್ಟರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ನಾನು ಆಮೇಲೆ ಓದಲು ಕುಳಿತೆ. ಅಮೆರಿಕದವರ ಬೇಸ್‌ಬಾಲಿನಲ್ಲಿ ಚೆಂಡೆಸೆಯುವವರನ್ನು ಹೀಗೇ ವರ್ಷಗಟ್ಟಲೆಗೆ, ಅರಮನೆಯ ಬೆಲೆ ಕೊಟ್ಟು ಕೊಳ್ಳುತ್ತಾರಂತೆ. ಅವರಿಗೆ ಮೊಣಕೈ ಕೈಕೊಡುತ್ತದೆ. ಮಣಿಕಟ್ಟಿನ ನರದಂಥ ದಾರವನ್ನು ತೆಗೆದು ಮೊಣಕೈಗೆ ಕಟ್ಟುತ್ತಾರೆ. ಅದು ಕೂಡಿಕೊಳ್ಳುವವರೆಗೆ, ವರ್ಷವಿಡೀ, ಆತ ಕೈಗೆ ಪಟ್ಟಿ ಹಾಕಿಕೊಂಡು ಕುಳಿತಲ್ಲಿಗೇ ಸಂಬಳ ಬರುತ್ತದೆ. ಕೊಳ್ಳುವವರು ನೋಡುವುದು ಅವನು ಗಳಿಸಿದ ಹೆಸರನ್ನು. ದುಡ್ಡು ತೆರುವುದು ಇನ್ನೂ ಎಸೆಯದ ಚೆಂಡುಗಳಿಗೆ. ಹೆಸರು ಬೆಳೆದಷ್ಟೂ ತೋಳು ಸವೆದಿರುತ್ತದೆ, ಎರಡಕ್ಕೂ ಕಾರಣ ಅದೇ ಚೆಂಡು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿಯ ಕಮಿಟಿಗಳಲ್ಲೂ ಬದನೆಕಾಯಿ ಕೊಂಡ ಅನುಭವವಿದ್ದವರು ಕಡಿಮೆ ಎಂದು ಕಾಣುತ್ತದೆ.

ಸಂಬಳ ನಿಲ್ಲಿಸೋಣವೆಂದು ಕಮಿಟಿಯಲ್ಲಿ ಕೆಲವರು ಗೊಣಗಿದರು. ಅದು ಲೋಕೇಶನ ಕಿವಿಗೂ ಬಿತ್ತು. ಭಾನುವಾರದ ಸಭೆಗೆ ತಾನೇ ಬಂದು ನಿಂತ. ಅಂಗಡಿಯ ಕೆಲಸ ಹೋಗಿತ್ತು, ಬಲಗೈ ಎತ್ತಲು ಬರುತ್ತಿರಲಿಲ್ಲ. ಆದರೂ, ಇನ್ನು ಮೇಲೆ ಸಂಬಳ ಬೇಡ, ನೀವು ಕೊಟ್ಟ ಮಾತಿನಿಂದ ನಿಮ್ಮನ್ನು ಬಿಡಿಸಿದ್ದೇನೆ ಎಂದ. ಎಲ್ಲರೂ ಶಿವನಂಜಪ್ಪನವರ ಮುಖ ನೋಡಿದರು. ಬಲ್ಬು ಅಲ್ಲಾಡಿಸುವ ಮನುಷ್ಯ ಏನು ಹೇಳಬಹುದೆಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

"ಬೇಳೆ ತಗೊಂಡ ಮೇಲೆ ರೇಟ್ ಬಿತ್ತು ಅಂತ ಮೂಟೆ ವಾಪಸ್ ಕಳಿಸಿದ್ರೆ, ನಾಳೆ ತರಗುಪೇಟೆಲಿ ನನಗೆ ಯಾರು ಮಾಲ್ ಕೊಡ್ತಾರಪ್ಪ?" ಎಂದರು ಅವರು. "ಆಡ್ಲಿ ಬಿಡ್ಲಿ ಅಂತ ಮಾತಾಗಿದೆ. ನೀನು ಮೊದಲು ಆ ಭುಜ ಹೊಲಿಸ್ಕೊ."

ಆಪರೇಷನ್ ಆಯಿತು. ಉಳಿದ ತಿಂಗಳುಗಳ ಸಂಬಳವೂ ತಪ್ಪದೆ ಸಂದಿತು. ಲೋಕೇಶ ಮಾತ್ರ ದಿನವೂ ಮೈದಾನಕ್ಕೆ ಬಂದು ಬೌಂಡರಿಯ ಆಚೆ ಕೂರುತ್ತಿದ್ದ. ನಾವು ಸೋತಾಗಲೆಲ್ಲ ಅವನ ಮುಖ ಬಾಡುತ್ತಿತ್ತು, ಬೋಂಡಾ ಕೊಟ್ಟರೆ ಹಸಿವಿಲ್ಲ ಎನ್ನುತ್ತಿದ್ದ. ದುಡ್ಡು ಕೊಟ್ಟವರಿಗಿಂತ ತೆಗೆದುಕೊಂಡವನಿಗೇ ಆ ವರ್ಷ ದುಬಾರಿಯಾಯಿತು.

ಮೂರು ವರ್ಷ ಮುಗಿದ ಮೇಲೆ ಅವನು ಹಳೆಯ ಅಂಗಡಿಗೇ ಮರಳಿದ. ಇನ್ನು ಈ ಕಡೆ ತಲೆ ಹಾಕಲಾರನೆಂದುಕೊಂಡೆವು. ಒಂದು ಬೆಳಿಗ್ಗೆ ಬಂದು, ಎಲ್ಲರಂತೆ ಚಂದಾ ಕಟ್ಟಿ ಮೆಂಬರಾದ. ಶಿವನಂಜಪ್ಪನವರು ಒಂದು ರೂಪಾಯಿಯೂ ಬಿಡದೆ ಎಣಿಸಿಕೊಂಡರು.

ಈಗ ಲೋಕೇಶ ನಾಲ್ಕು ಹೆಜ್ಜೆ ನಡೆದು ಬಂದು ನಿಧಾನದ ಸ್ಪಿನ್ ಹಾಕುತ್ತಾನೆ. ಚೆನ್ನಾಗಿ ಹಾಕುತ್ತಾನೆಂದು ಹೇಳಿದರೆ ನನ್ನ ನಾಲಿಗೆಗೆ ದೋಷ. ಮೊನ್ನೆ ಓವರುಗಳ ನಡುವೆ ನಾನಿದ್ದ ಕಡೆಗೆ ಬಂದಾಗ, ಆ ವೇಗ ನೆನಪಾಗಿ ಬೇಜಾರಾಗುತ್ತದಾ ಎಂದು ಕೇಳಿದೆ.

"ಇಲ್ಲ ಸಾರ್," ಎಂದ. "ಆವಾಗ ಒಂದೊಂದ್ ಬಾಲ್ ಹಾಕುವಾಗ್ಲೂ ಇದು ನಿಮ್ದು ಅನ್ಸೋದು. ಈಗ ಹಾಕೋದೆಲ್ಲ ನಂದೇ."

ಹೋಗಿ ತನ್ನ ಮುಂದಿನ ಓವರಿನ ಮೊದಲ ಚೆಂಡು ಹಾಕಿದ. ಅದು ಬೌಂಡರಿ ದಾಟಿ, ಬೇಲಿ ದಾಟಿ, ರಸ್ತೆಗೆ ಬಿತ್ತು. ಅವನದೇ ಚೆಂಡಾದ್ದರಿಂದ ನಾವು ಯಾರೂ ಬೈಯಲಿಲ್ಲ; ಅವನೂ ನಗುನಗುತ್ತ ಗೇಟು ತೆಗೆದು, ಅದನ್ನು ತರಲು ತಾನೇ ಹೊರಟ.